ಬಿ ಅಂದರೆ ಬೆಂಚು

ಪ್ರತಿ ವರ್ಷ ಆಗಸ್ಟ್ ತಿಂಗಳ ಎರಡನೇ ಶನಿವಾರ ನಾವು ಹಳೆಯ ಕೆಲಸಗಾರರೆಲ್ಲ ಕಾರು ಪ್ರದರ್ಶನಕ್ಕೆಂದು ಕಾರ್ಖಾನೆಗೆ ಹೋಗುತ್ತೇವೆ. ಕಾರ್ಖಾನೆ ಈಗ ಇಲ್ಲ, ಆ ಮಾತು ಬೇರೆ. ಗೋಡೆ, ಛಾವಣಿ, ಹೊಗೆಕೊಳವೆ ಎಲ್ಲವನ್ನೂ ಕೆಡವಿ ಹೊತ್ತುಕೊಂಡು ಹೋದರು. ಕಾಂಕ್ರೀಟಿನ ನೆಲವನ್ನು ಮಾತ್ರ ಕೀಳಲಾಗದೆ ಬಿಟ್ಟರು. ಅದರ ಬಿರುಕುಗಳಲ್ಲಿ ಮೊಣಕಾಲುದ್ದ ಹುಲ್ಲು ಬೆಳೆದಿದೆ. ಆದರೆ ಹಾಲ್‌ಸ್ಟೆಡ್ ಕಾರು ಕಟ್ಟಿದವರಿಗೆ ಯಾವುದು ಎಲ್ಲಿತ್ತು ಎಂದು ಯಾರೂ ತೋರಿಸಬೇಕಾಗಿಲ್ಲ. ವೆಲ್ಡಿಂಗಿನವರು ತಮ್ಮ ಹಳೆಯ ಕಾರುಗಳನ್ನು ವೆಲ್ಡಿಂಗ್ ವಿಭಾಗ ಇದ್ದಲ್ಲೇ ನಿಲ್ಲಿಸುತ್ತಾರೆ, ಬಣ್ಣದವರು ಬಣ್ಣ ಹೊಡೆಯುತ್ತಿದ್ದಲ್ಲಿ. ನಾನು ಸೀಟು ಹೊಲಿಯುತ್ತಿದ್ದವಳು. ಮೀನು ಕರಿಯುವ ನನ್ನ ಬಾಣಲೆ ಕೂರುವುದು ನನ್ನ ಹೊಲಿಗೆ ಯಂತ್ರ ಇದ್ದ ಜಾಗದಲ್ಲೇ. ಹೊರಗಿನವರು ಯಾರಾದರೂ ತಿಳಿಯದೆ ಎಲ್ಲೆಲ್ಲೋ ಕಾರು ನಿಲ್ಲಿಸಿದರೆ, "ಅಲ್ಲಿ ಬೇಡಪ್ಪಾ, ಅದು ಹೆಂಗಸರ ಪಾಯಿಖಾನೆ" ಎಂದು ಕೂಗಿ ಎಬ್ಬಿಸುತ್ತೇವೆ.

ಒಂದು ವರ್ಷ ಅವತ್ತಿನ ಬೆಳಗ್ಗೆ ನಾನಿನ್ನೂ ಎಣ್ಣೆ ಕಾಯಲು ಇಟ್ಟಿರಲಿಲ್ಲ, ಓಥಾ ರೆನ್‌ಫ್ರೋ ಬಂದು ನಿಂತ. ಓಥಾ ನನ್ನ ಪಕ್ಕದ ಮನೆಯವನು. ವೆಲ್ಡಿಂಗಿನಲ್ಲಿ ಅವನಷ್ಟು ಒಳ್ಳೆಯ ಕೈ ಇನ್ನೊಬ್ಬರದಿರಲಿಲ್ಲ. ಮಾತು ಕಡಿಮೆ, ನಗು ಜಾಸ್ತಿ. ಅವತ್ತು ನಗು ಇರಲಿಲ್ಲ.

"ಮೋಜೆಲಕ್ಕಾ, ಒಂದು ಉಪಕಾರ ಆಗ್ಬೇಕು."

"ಮೀನು ಇನ್ನೂ ಆಗಿಲ್ಲ ಕಣೋ."

"ಮೀನಲ್ಲ. ಅತ್ತೆ ಬರ್ತಿದಾರೆ. ಚರ್ಚಿನ ವ್ಯಾನಲ್ಲಿ. ಬೇಡ ಅಂದ್ರೂ ಕೇಳ್ಲಿಲ್ಲ. ನಿನ್ನ ಹತ್ರಾನೇ ಕೂರಿಸ್ಕೋ. ನನ್ನ ಕಾರಿನ ಹತ್ರ ಬರದ ಹಾಗೆ ನೋಡ್ಕೋ. ಆ ತೀರ್ಪುಗಾರ ಕೋವಲ್ ಬಾಯಿ ನಿಂಗೆ ಗೊತ್ತಲ್ಲ."

ಆ ಬಾಯಿ ನನಗೆ ಗೊತ್ತಿತ್ತು, ಆ ಕಾರಿನ ಮೇಲಿನ ಅಪವಾದವೂ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಅವನ ಅತ್ತೆ ಮದರ್ ಡೋಜಿಯರ್ ಒಬ್ಬರಿಗೆ ಮಾತ್ರ. ಚರ್ಚಿನಲ್ಲಿ ಹಿರಿಯರೆಂದು ಎಲ್ಲರೂ ಅವರನ್ನು ಮದರ್ ಎಂದೇ ಕರೆಯುವುದು.

ಓಥಾ ಮಿಷಿಗನ್ನಿನ ಈ ಊರಿಗೆ ಬಂದಾಗ ಅವನಿಗಿನ್ನೂ ಇಪ್ಪತ್ತೊಂದು. ಅಲಬಾಮಾದಿಂದ ಒಬ್ಬನೇ ಬಸ್ಸಿನಲ್ಲಿ ಬಂದವನು. ಹಿಂದಿಲ್ಲ ಮುಂದಿಲ್ಲ. ಇಲ್ಲಿ ನರ್ಸಿಂಗ್ ಓದುತ್ತಿದ್ದ ಅರ್ಲೀನಳನ್ನು ಮೆಚ್ಚಿ, ಕ್ಲೀವ್‌ಲ್ಯಾಂಡಿನಲ್ಲಿದ್ದ ಅವಳ ತಾಯಿಯನ್ನು ಕೇಳಲು ಹೋದ. ಮದರ್ ಡೋಜಿಯರ್ ಅಲ್ಲಿ ಹೆಂಗಸರ ತಲೆಗೂದಲು ಬಾಚಿ ಕಟ್ಟುವ ಅಂಗಡಿ ಇಟ್ಟಿದ್ದರು. ಗಂಡ ತೀರಿಕೊಂಡಿದ್ದ. ಹಿರಿಮಗಳು ಒಬ್ಬ ತುತ್ತೂರಿ ಊದುವವನ ಕಾರಿನಲ್ಲಿ ಕೂತು ಕ್ಯಾನ್ಸಸ್ ಸಿಟಿಗೆ ಓಡಿಹೋಗಿದ್ದಳು. ಆ ಕಾರಿನ ಮುಂದಿನ ಸೀಟು ಬೆಂಚು. ಈ ಬಾಗಿಲಿಂದ ಆ ಬಾಗಿಲಿನ ತನಕ ಒಂದೇ ಸೀಟು, ಮಧ್ಯೆ ತಡೆ ಎಂಬುದಿಲ್ಲ, ಗೇರು ಸ್ಟಿಯರಿಂಗಿನ ಪಕ್ಕದಲ್ಲಿ. ಒಂದೊಂದು ತಿರುವಿಗೂ ಹುಡುಗಿ ಹುಡುಗನ ಕಡೆ ಒಂದೊಂದು ಗೇಣು ಜಾರುತ್ತಾಳೆ. ತಿರುವು ಮುಗಿದರೂ ಮರಳಿ ಜಾರುವುದಿಲ್ಲ. ಮದರ್ ಡೋಜಿಯರ್ ಲೆಕ್ಕದಲ್ಲಿ ಮಗಳನ್ನು ಕದ್ದದ್ದು ತುತ್ತೂರಿಯವನಲ್ಲ, ಆ ಬೆಂಚು.

"ಆ ಊರಲ್ಲಿ ನಿನ್ನ ಪರವಾಗಿ ಮಾತಾಡೋರು ಯಾರಿದಾರೆ?" ಎಂದು ಅವರು ಓಥಾನನ್ನು ಕೇಳಿದರಂತೆ.

"ಯಾರೂ ಇಲ್ಲಮ್ಮ. ನಾನೇ."

"ಹಾಗಾದ್ರೆ ನಿನ್ನ ಮಾತೇ ನಿನಗೆ ಜಾಮೀನು. ಕಾರು ತಗೋತೀಯಂತೆ. ತಗೋ. ನನ್ನ ಮಗಳನ್ನ ಅದರಲ್ಲಿ ಕೂರಿಸೋದಾದ್ರೆ ನಿಮ್ಮಿಬ್ಬರ ಮಧ್ಯೆ ಕಬ್ಬಿಣ ಇರ್ಬೇಕು."

ಓಥಾ ಮಾತು ಕೊಟ್ಟ. ಕಾರ್ಖಾನೆಯಲ್ಲಿ ಕೆಲಸಗಾರರಿಗೆ ಕೊಡುವ ಬೆಲೆಯಲ್ಲಿ ಒಂದು ಹಾಲ್‌ಸ್ಟೆಡ್ ಸೆಂಟಿನಲ್ ಕಾರನ್ನು ತನಗೆ ಬೇಕಾದ ಹಾಗೆ ಕಟ್ಟಿಕೊಡಲು ಬರೆಸಿದ. ಕಡುಹಸಿರು ಬಣ್ಣ, ಎರಡು ಬಾಗಿಲು, ಮುಂದೆ ಎರಡು ಒಂಟಿ ಸೀಟು, ನಡುವೆ ಉದ್ದದ ಪೆಟ್ಟಿಗೆ, ಪೆಟ್ಟಿಗೆಯಿಂದ ಎದ್ದು ನಿಂತ ಗೇರ್ ಕೋಲು. ೧೯೬೭ರ ಅಕ್ಟೋಬರಿನಲ್ಲಿ ಕಾರು ಬಂತು. ಕ್ರಿಸ್ಮಸ್ಸಿಗೆ ಅರ್ಲೀನಳನ್ನು ಅದರಲ್ಲೇ ಕ್ಲೀವ್‌ಲ್ಯಾಂಡಿಗೆ ಕರೆದುಕೊಂಡು ಹೋದ. ಮದರ್ ಡೋಜಿಯರ್ ಹಿಮದಲ್ಲಿ ಹೊರಗೆ ಬಂದು ಬಾಗಿಲು ತೆರೆದು ನೋಡಿ, ತಮ್ಮ ಕೈಚೀಲವನ್ನು ಆ ಪೆಟ್ಟಿಗೆಯ ಮೇಲಿಟ್ಟು, "ಸರಿ" ಎಂದರು. ಮದುವೆಯಾಯಿತು. ಮಕ್ಕಳಾದರು, ಮೊಮ್ಮಕ್ಕಳಾದರು. ಅಂಗಡಿ ಮುಚ್ಚಿದ ಮೇಲೆ ಮದರ್ ಡೋಜಿಯರ್ ಮಗಳ ಮನೆಗೇ ಬಂದರು. ಅಳಿಯನ ವಿಷಯ ಬಂದಾಗಲೆಲ್ಲ ಎಲ್ಲರಿಗೂ ಹೇಳುತ್ತಿದ್ದದ್ದು ಒಂದೇ: "ಅವನು ಕಾರು ಬರೆಸುವಾಗಲೇ ನನ್ನ ಮಾತು ನಡೆಸಿದವನು."

ಎಲ್ಲ ಚೆನ್ನಾಗಿತ್ತು, ನಮ್ಮ ಮುದುಕರಿಗೆ ತಗಡು ಓದುವ ಹುಚ್ಚು ಹಿಡಿಯುವ ತನಕ.

ಪ್ರತಿ ಹಾಲ್‌ಸ್ಟೆಡ್ಡಿನ ಬಾನೆಟ್ಟಿನ ಒಳಗೆ, ಎಡಗಡೆಯ ಗೋಡೆಗೆ, ಇಸ್ಪೀಟ್ ಎಲೆಯಷ್ಟು ದೊಡ್ಡ ತಗಡೊಂದು ಇರುತ್ತದೆ. ಅದರ ಮೇಲೆ ಸಾಲುಸಾಲಾಗಿ ಇಂಗ್ಲಿಷ್ ಅಕ್ಷರ, ಅಂಕಿ ಬಡಿದಿರುತ್ತಾರೆ. ಅದು ಕಾರಿನ ಜಾತಕ. ಯಾವ ದಿನ ಹುಟ್ಟಿತು, ಯಾವ ಬಣ್ಣ, ಯಾವ ಇಂಜಿನು, ಎಂಥ ಸೀಟು, ಗೇರು ಎಲ್ಲಿ, ಎಲ್ಲ ಸಂಕೇತದಲ್ಲಿ. ಕೆಲಸದಲ್ಲಿದ್ದಾಗ ಯಾರಿಗೂ ಅದು ದೊಡ್ಡ ವಿಷಯವಾಗಿರಲಿಲ್ಲ. ಕಾರ್ಖಾನೆ ಹೋದ ಮೇಲೆ ಅದೇ ವೇದವಾಯಿತು. ನಮ್ಮ ಕೂಟದ ತೀರ್ಪುಗಾರ ಸ್ಟಾನ್ ಕೋವಲ್. ಕಾರು ಜೋಡಿಸುವ ಲೈನಿನ ಕೊನೆಯಲ್ಲಿ ನಿಂತು ಕಾರುಗಳನ್ನು ಪರೀಕ್ಷೆ ಮಾಡಿ ಹೊರಗೆ ಬಿಡುತ್ತಿದ್ದವನು. ನೇರ ಮನುಷ್ಯ, ಆದರೆ ಮೆಲ್ಲಗೆ ಮಾತಾಡುವುದು ಅವನಿಗೆ ಬರದು. ಕಾರ್ಖಾನೆಯ ಗದ್ದಲದಲ್ಲಿ ಮೂವತ್ತು ವರ್ಷ ಕೂಗಿ ಕೂಗಿ ಗಂಟಲೇ ಹಾಗಾಗಿದೆ. ಗುಟ್ಟು ಹೇಳಿದರೂ ಆಚೆ ಬೀದಿಗೆ ಕೇಳುತ್ತದೆ.

ಪ್ರದರ್ಶನಕ್ಕೆ ಬಂದ ಕಾರುಗಳನ್ನು ಕೋವಲ್ ಎರಡು ಪಂಗಡ ಮಾಡುತ್ತಾನೆ. ತಗಡು ಹೇಳಿದಂತೆಯೇ ಇದ್ದರೆ ಅದು 'ಹುಟ್ಟಿದ ಹಾಗೆ'. ಇಲ್ಲದಿದ್ದರೆ 'ಕೈ ಆಡಿಸಿದ್ದು'. ನಾನು ಹೇಳುತ್ತಿರುವ ದಿನಕ್ಕೆ ಮೂರು ವರ್ಷದ ಹಿಂದೆ ಓಥಾನ ಕಾರಿನ ತಗಡು ಓದಿ ಕೋವಲ್ ಅದನ್ನು 'ಕೈ ಆಡಿಸಿದ್ದು' ಪಂಗಡಕ್ಕೆ ಹಾಕಿದ. ಸೀಟಿನ ಜಾಗದಲ್ಲಿ ಇದ್ದ ಸಂಕೇತ B1, ಬಿ ಒಂದು. ಬಿ ಅಂದರೆ ಬೆಂಚು.

ಅಂದರೆ ಏನಾಯಿತು? ಓಥಾ ಮೊದಲು ಬೆಂಚಿನ ಕಾರು ತಂದಿದ್ದಾನೆ. ಅಕ್ಟೋಬರಿನಿಂದ ಅರ್ಲೀನಳನ್ನು ಪಕ್ಕಕ್ಕೆ ಅಂಟಿಸಿಕೊಂಡು ತಿರುಗಿದ್ದಾನೆ. ಕ್ರಿಸ್ಮಸ್ಸಿಗೆ ಅತ್ತೆಯ ಮುಂದೆ ನಿಲ್ಲುವ ಹೊತ್ತಿಗೆ ಸೀಟು ಬದಲಾಯಿಸಿದ್ದಾನೆ. ಊರಿನವರು ಕೂಡಿ ಕಳೆದು ಇಷ್ಟು ಲೆಕ್ಕ ಹಾಕಿದರು. ಓಥಾ ಇಲ್ಲ ಎಂದ. ಕಾರು ಬಂದದ್ದೇ ಹೀಗೆ ಎಂದ. ಕೊಂಡ ಕಾಗದಪತ್ರ ಒಂದು ಸಲ ದೊಡ್ಡ ಮಳೆಗೆ ನೆಲಮಾಳಿಗೆಗೆ ನೀರು ನುಗ್ಗಿದಾಗಲೇ ಹೋಗಿದ್ದವು. ಕ್ಷೌರದಂಗಡಿಯಲ್ಲಿ ಅವನು ಕಾಲಿಟ್ಟರೆ ಸಾಕು, "ಓಥಾ, ಬೆಂಚಿನ ಮೇಲೆ ಕೂರ್ತೀಯೋ, ಒಂಟಿ ಕುರ್ಚೀಲಿ ಕೂರ್ತೀಯೋ?" ಎಂದು ಶುರು. ಅವನು ನಕ್ಕು ಸುಮ್ಮನಾಗುತ್ತಿದ್ದ. ಅವನಿಗೆ ಇದ್ದ ಹೆದರಿಕೆ ಒಂದೇ. ಅವನ ಮಾತೊಂದನ್ನೇ ನಂಬಿ ಮಗಳನ್ನು ಕೊಟ್ಟ ಆ ಹೆಂಗಸಿನ ಕಿವಿಗೆ ಇದು ಬೀಳಬಾರದು.

"ನಂದೇನಿಲ್ಲಕ್ಕಾ," ಎಂದ ಅವತ್ತು ನನ್ನ ಬಾಣಲೆಯ ಮುಂದೆ ನಿಂತು. "ಎಂಬತ್ತೆಂಟು ವಯಸ್ಸು ಅವರಿಗೆ. ಈಗ ಹೋಗಿ 'ನನ್ನ ಅಳಿಯ ಸುಳ್ಳ' ಅಂದ್ಕೊಂಡು ಕಣ್ಣು ಮುಚ್ಬೇಕಾ? ಅದೂ ನಾನು ಹೇಳದ ಸುಳ್ಳಿಗೆ?"

"ಹಾಗಾದ್ರೆ ಕಾರು ಮನೇಲೇ ಬಿಟ್ಟು ಬರ್ಬೇಕಿತ್ತು."

"ಬಿಟ್ಟು ಬಂದ್ರೆ ಒಪ್ಕೊಂಡ ಹಾಗಲ್ವಾ?"

ಅದೂ ನಿಜ. ನಾನು ಹೂಂ ಎಂದೆ.

ಮದರ್ ಡೋಜಿಯರ್ ಬಂದರು. ಬಿಳಿ ಟೋಪಿ, ಬಿಳಿ ಕೈಚೀಲ, ಗಾಲಿಕುರ್ಚಿಯ ಮೇಲೆ ರಾಣಿಯ ಹಾಗೆ. ಎರಡೂ ಕಣ್ಣಿಗೆ ಮಂಜು ಕವಿದು ಮುಖಗಳು ಮಾಸಲಾಗಿ ಕಾಣುತ್ತವೆ, ಆದರೆ ಕಿವಿ ನಾಯಿ ಕಿವಿ. ನಾನು ಮೀನು ಕೊಟ್ಟೆ, ಕೋಸಿನ ಪಲ್ಯ ಕೊಟ್ಟೆ, ಪೀಚ್ ಹಣ್ಣಿನ ಸಿಹಿ ಕೊಟ್ಟೆ. ಎಲ್ಲ ತಿಂದರು. ಇನ್ನೊಂದು ತಟ್ಟೆ ತರುತ್ತೇನೆ ಎಂದೆ.

"ಹಂದಿ ಕೊಬ್ಬಿಸಿದ ಹಾಗೆ ಕೊಬ್ಬಿಸ್ತಿದ್ದೀಯಲ್ಲ ಮೋಜೆಲ್, ಏನು ವಿಷಯ? ನನ್ನ ಅಳಿಯನ ಕಾರೆಲ್ಲಿ? ಅಲ್ಲಿಗೆ ತಳ್ಳು."

"ಬಿಸಿಲು ಜಾಸ್ತಿ ಅಮ್ಮ."

"ನಾನು ಜಾರ್ಜಿಯಾದಲ್ಲಿ ಹತ್ತಿ ಬಿಡಿಸಿದೋಳು. ನಿಮ್ಮ ಮಿಷಿಗನ್ ಬಿಸಿಲು ಬಿಸಿಲೇನೇ? ತಳ್ಳು."

ಮದರ್ ಡೋಜಿಯರ್ ತಳ್ಳು ಎಂದರೆ ತಳ್ಳಬೇಕು. ನಮ್ಮ ಪಾದ್ರಿಯೂ ತಳ್ಳಿದ್ದಾರೆ. ಬಾಣಲೆಯನ್ನು ಅರ್ಲೀನಳಿಗೆ ಒಪ್ಪಿಸೋಣವೆಂದು ನೋಡಿದರೆ ಅವಳು ಗಂಡನ ಪಕ್ಕದಲ್ಲಿದ್ದಳು. ಒಲೆ ಆರಿಸಿ ಹೊರಟೆ. ಬೇಕೆಂದೇ ಬಣ್ಣದ ವಿಭಾಗದ ಮೇಲೆ ಸುತ್ತು ಹಾಕಿ ಹೋದೆ. ಆದರೂ ಹೊತ್ತು ಸರಿಯಾಗಿರಲಿಲ್ಲ. ನಾವು ವೆಲ್ಡಿಂಗ್ ತಲುಪುವ ವೇಳೆಗೆ ಕೋವಲ್ ಓಥಾನ ಬಾನೆಟ್ಟಿನೊಳಗೆ ತಲೆ ಹಾಕಿದ್ದ. ಸುತ್ತ ಹತ್ತಾರು ಜನ.

"ನೋಡು ಓಥಾ," ಎನ್ನುತ್ತಿದ್ದ ಕೋವಲ್. ಅವನ ಮಟ್ಟಿಗೆ ಅದು ಪಿಸುಮಾತು. "ನಿನ್ನ ಕಾರು ಬಂಗಾರದ ಹಾಗಿದೆ. 'ಕೈ ಆಡಿಸಿದ್ದು' ಅಂತ ಒಪ್ಕೋ, ಮೊದಲ ಬಹುಮಾನ ಈಗ್ಲೇ ನಿಂದು. ಅಗೋ ಆ ದೊಡ್ಡ ಕಪ್. ಯಾಕೆ ಹಟ ಮಾಡ್ತೀಯ?"

"ಆ ಕಪ್ ತಗೊಂಡು ಮನೇಲಿಟ್ರೆ ದಿನಾ ಬೆಳಗೆದ್ದು ನನ್ನನ್ನೇ ನಾನು ಸುಳ್ಳ ಅಂದ್ಕೊಂಡ ಹಾಗೆ. ಬೇಡ. ಇನ್ನೊಂದು ಸಲ ಓದು."

"ಎಷ್ಟು ಸಲ ಓದಿದ್ರೂ ಅಷ್ಟೇ ಕಣಯ್ಯ! ಬಿ ಒಂದು! ಬಿ ಅಂದ್ರೆ ಬೆಂಚು! ನಿನ್ನ ಕಾರು ಹುಟ್ಟಿದ್ದು ಬೆಂಚ್ ಸೀಟಲ್ಲಿ!"

ಇಡೀ ಬಯಲಿಗೆ ಕೇಳಿಸಿತು. ನನ್ನ ಕೈಯಲ್ಲಿದ್ದ ಗಾಲಿಕುರ್ಚಿ ತಾನಾಗಿಯೇ ನಿಂತಿತು. ನೋಡಿದರೆ ಮದರ್ ಡೋಜಿಯರ್ ಗಾಲಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

"ಯಾರ ಕಾರು?" ಎಂದರು.

ಓಥಾ ತಿರುಗಿ ನೋಡಿದ. ಆ ಮುಖ ನೋಡಲಾಗದೆ ನಾನು ನೆಲ ನೋಡಿದೆ.

"ರೆನ್‌ಫ್ರೋ, ಇವನು ಯಾರ ಕಾರಿನ ಮಾತಾಡ್ತಿದಾನೆ?"

"ನಂದೇ ಅಮ್ಮ."

"ಬೆಂಚು ಅಂತಿದಾನೆ."

"ತಗಡಲ್ಲಿ ಹಾಗಿದೆಯಂತೆ ಅಮ್ಮ. ಆದ್ರೆ ಕಾರು ಬಂದಾಗಿಂದ ಇದೇ ಸೀಟು. ನಿಮಗೆ ಕೊಟ್ಟ ಮಾತು ನಾನು ಮುರಿದಿಲ್ಲ."

"ನಾನು ಇದನ್ನ ನೋಡಿದ್ದು ಕ್ರಿಸ್ಮಸ್ಸಿಗೆ. ಅಕ್ಟೋಬರಲ್ಲಿ ಬಂತು ಅಂದಿದ್ದೆ. ಮಧ್ಯೆ ಎರಡು ತಿಂಗಳು ಏನಿತ್ತು, ಬೆಂಚಾ?"

ಅರ್ಲೀನ ಮುಂದೆ ಬಂದಳು. "ಅಮ್ಮಾ, ನಾನು ಕೂತಿದ್ನಲ್ಲ. ಮೊದಲನೇ ದಿನದಿಂದ ಮಧ್ಯೆ ಈ ಪೆಟ್ಟಿಗೆ ಇತ್ತು."

"ನಿನ್ನ ಸಾಕ್ಷಿ ಯಾರು ಕೇಳಿದ್ರು? ಕದ್ದ ಕೋಳಿ ತಿಂದೋಳನ್ನೇ ಕೋಳಿ ಎಲ್ಲಿ ಅಂತ ಕೇಳಕ್ಕಾಗುತ್ತಾ?"

ಜನ ನಕ್ಕರು. ಓಥಾ ನಗಲಿಲ್ಲ. ಮದರ್ ಡೋಜಿಯರ್ ಕೂಡ ನಗಲಿಲ್ಲ. ಕೈಚೀಲದ ಬಾಯನ್ನು ತೆಗೆದು ಮುಚ್ಚಿ ಮಾಡುತ್ತಿದ್ದರು. ಅದು ಸಿಟ್ಟೋ ಅಳುವೋ ನನಗೆ ತಿಳಿಯಲಿಲ್ಲ.

ನಾನು ಬಾಯಿ ಹಾಕಿದೆ. "ಕೋವಲ್, ಸೀಟು ನೋಡು. ಅಂಚಿನ ಹೊಲಿಗೆ ನೋಡು. ನಮ್ಮ ವಿಭಾಗದ್ದೇ, ಹೊರಗಿನ ಕೆಲಸ ಅಲ್ಲ."

"ಸೀಟು ಹಾಲ್‌ಸ್ಟೆಡ್ಡಿಂದೇ, ಯಾರು ಇಲ್ಲ ಅಂದ್ರು? ಗುಜರೀಲಿ ಸಿಗ್ತಿರ್ಲಿಲ್ವಾ?"

"ನೆಲ ನೋಡು ಮತ್ತೆ," ಎಂದ ಗುಂಪಿನಲ್ಲಿದ್ದವನೊಬ್ಬ. "ಪೆಟ್ಟಿಗೆ ಕೂರೋ ಪಟ್ಟಿ ವೆಲ್ಡ್ ಮಾಡಿದಾರಲ್ಲ. ಅದು ಕಾರ್ಖಾನೆ ವೆಲ್ಡೇ. ಮನೇಲಿ ಇಷ್ಟು ಚೆನ್ನಾಗಿ ಮಾಡಕ್ಕಾಗಲ್ಲ."

ಕೋವಲ್ ನಿಟ್ಟುಸಿರುಬಿಟ್ಟ. "ಬೇರೆ ಯಾರದ್ದಾದ್ರೂ ಕಾರಾಗಿದ್ರೆ ಆ ಮಾತು ಒಪ್ತಿದ್ದೆ. ಇದು ಓಥಾನ ಕಾರು. ಅವನು ಕಣ್ಣು ಮುಚ್ಕೊಂಡು ಮಾಡಿದ್ರೂ ಕಾರ್ಖಾನೆ ವೆಲ್ಡಿಗಿಂತ ಚೆನ್ನಾಗಿರುತ್ತೆ. ಏನ್ ಮಾಡ್ಲಿ? ಅವನ ಕೈಯೇ ಅವನ ಮೇಲೆ ಸಾಕ್ಷಿ ಹೇಳ್ತಿದೆ."

ಜೀವಮಾನವೆಲ್ಲ ಗಳಿಸಿದ ಹೆಸರು ಹೀಗೆ ಕೊರಳಿಗೆ ಸುತ್ತಿಕೊಳ್ಳುವುದನ್ನು ನಾನು ಅವತ್ತೇ ಕಂಡದ್ದು. ಓಥಾ ತನ್ನ ಅಂಗೈ ಎರಡನ್ನೂ ನೋಡಿಕೊಂಡು ಪ್ಯಾಂಟಿಗೆ ಒರೆಸಿಕೊಂಡ.

"ನನ್ನನ್ನ ಎಬ್ಬಿಸಿ," ಎಂದರು ಮದರ್ ಡೋಜಿಯರ್.

"ಅಮ್ಮಾ, ಕಾಲು ನೋವು..."

"ಎಬ್ಬಿಸಿ ಅಂದೆ. ಒಂದು ಸುಳ್ಳು ಹೇಳಿದೋನು ಒಂದಕ್ಕೇ ನಿಲ್ಲಿಸಲ್ಲ. ಅಕ್ಟೋಬರಲ್ಲಿ ಬಂತು ಅಂದಿದ್ದ. ಅದಾದ್ರೂ ನಿಜಾನೋ, ಅದೂ ಬೊಗಳೆನೋ ನೋಡ್ಬೇಕು. ತಾರೀಕು ಇರುತ್ತಾ ಆ ತಗಡಲ್ಲಿ?"

"ಇರುತ್ತಮ್ಮ," ಎಂದ ಕೋವಲ್. "ಅಕ್ಟೋಬರ್ ಹದಿನೆಂಟು. ನಾನೇ ಓದಿದೀನಿ."

"ನೀನು ಓದಿದ್ದು ನಿಂಗೆ. ನಾನು ನೋಡ್ತೀನಿ."

"ನಿಮಗೆ ಕಣ್ಣು..."

"ಕಣ್ಣಿಲ್ದಿದ್ರೆ ಬೆರಳಿಲ್ವೇನೋ? ಐವತ್ತು ವರ್ಷ ಕ್ಲೀವ್‌ಲ್ಯಾಂಡಿನ ಹೆಂಗಸರ ತಲೆ ಬಾಚಿದೀನಿ. ಯಾರ ಬುರುಡೇಲಿ ಎಲ್ಲಿ ಉಬ್ಬಿದೆ ಎಲ್ಲಿ ತಗ್ಗಿದೆ ಇವತ್ತೂ ಹೇಳ್ತೀನಿ. ಎತ್ರೋ."

ಒಂದು ತೋಳು ನಾನು ಹಿಡಿದೆ. ಇನ್ನೊಂದು ತೋಳು ಹಿಡಿಯಲು ಓಥಾನೇ ಬಂದ. ಅವರು ಬೇಡ ಎನ್ನಲಿಲ್ಲ, ಅವನ ಕಡೆ ನೋಡಲೂ ಇಲ್ಲ. ಎತ್ತಿ ನಿಲ್ಲಿಸಿದೆವು. ಹಕ್ಕಿಯಷ್ಟು ಹಗುರವಾಗಿದ್ದರು. ಅರ್ಲೀನ ತನ್ನ ಅಂಗಿಯ ಮೇಲಿದ್ದ ಏಪ್ರನ್ ಬಿಚ್ಚಿ ಕಾರಿನ ಅಂಚಿಗೆ ಹಾಸಿದಳು. ಮದರ್ ಡೋಜಿಯರ್ ಅದಕ್ಕೆ ಒರಗಿ ಒಳಗೆ ಕೈ ಚಾಚಿದರು. ಕೋವಲ್ ಅವರ ತೋರುಬೆರಳನ್ನು ಹಿಡಿದು ತಗಡಿನ ಮೇಲಿಟ್ಟ.

"ಇದೇ ತಾರೀಕು. ಮೊದಲು ತಿಂಗಳು, ಆಮೇಲೆ ದಿನ."

ಬೆರಳು ಮೆಲ್ಲಗೆ ಸರಿಯಿತು. "ಒಂದು. ಸೊನ್ನೆ. ಹತ್ತನೇ ತಿಂಗಳು. ಸರಿ, ಅಕ್ಟೋಬರ್." ಮತ್ತೆ ಸರಿಯಿತು. "ಒಂದು." ನಿಂತಿತು. ಹಿಂದಕ್ಕೆ ಬಂತು, ಮುಂದಕ್ಕೆ ಹೋಯಿತು. ಉಗುರಿನ ತುದಿಯಿಂದ ಅಂಚನ್ನು ತಡವಿದರು.

"ಇದೇನು?"

"ಎಂಟಮ್ಮ. ಹದಿನೆಂಟು."

"ಎಂಟಲ್ಲ."

"ಎಂಟೇ ಅಮ್ಮ."

"ಲೋ, ಎಂಟಕ್ಕೆ ಎರಡೂ ಕಡೆ ಸೊಂಟ ಇರುತ್ತೆ. ಬೀದೀಲಿ ನಿಂತಿರೋ ಹೆಂಗಸಿನ ಹಾಗೆ. ಇದಕ್ಕೆ ಒಂದೇ ಕಡೆ ಇದೆ. ಎಡಗಡೆ ಬೆನ್ನು ಚಪ್ಪಟೆ, ಗೋಡೆಗೆ ಒರಗಿ ನಿಂತೋಳ ಹಾಗೆ. ಇದು ಬಿ."

ಕೋವಲ್ ನಕ್ಕ. "ಅಕ್ಟೋಬರ್ ಒಂದು ಬಿ ಅಂತ ತಾರೀಕು ಇರುತ್ತೇನಮ್ಮ?"

"ಅದನ್ನೇ ನಾನು ನಿನ್ನ ಕೇಳ್ತಿರೋದು."

ಕೋವಲ್‌ನ ನಗು ಅರ್ಧಕ್ಕೇ ನಿಂತಿತು. ಕನ್ನಡಕ ಹಣೆಗೇರಿಸಿ, ಜೇಬಿನಿಂದ ಟಾರ್ಚು ತೆಗೆದು, ತಗಡಿಗೆ ಮೂಗು ತಾಗುವಷ್ಟು ಬಗ್ಗಿದ. ಬೆಳಕನ್ನು ಪಕ್ಕದಿಂದ ಬಿಟ್ಟ. ಮೇಲಿಂದ ಬಿಟ್ಟ. ನಾವೆಲ್ಲ ಅವನ ಬೆನ್ನನ್ನೇ ನೋಡುತ್ತಾ ನಿಂತೆವು.

"ಬಿ," ಎಂದ. ಮೊಟ್ಟಮೊದಲ ಬಾರಿಗೆ ಅವನ ದನಿ ಮೆಲ್ಲಗಿತ್ತು. "ತಾರೀಕಲ್ಲಿ ಬಿ ಇದೆ."

ಈಗ ಇದನ್ನು ಬರೆಯುವಾಗ ಸುಲಭವಾಗಿ ಕಾಣುತ್ತದೆ. ಆದರೆ ಮೂರು ವರ್ಷ ಎಷ್ಟು ಜನ ಆ ತಗಡು ಓದಿದ್ದರು! ಎಲ್ಲರೂ ಲೈನಿನವರೇ. ದಿನಕ್ಕೆ ನೂರಾರು ತಗಡು ಕಣ್ಣ ಮುಂದೆ ಹಾದು ಹೋಗಿ, ನೋಡದೆಯೇ ಓದುವ ಅಭ್ಯಾಸವಾದವರು. ತಾರೀಕಿನ ಜಾಗದಲ್ಲಿ ಅಂಕಿಯೇ ಇರಬೇಕು ಎಂದು ತಲೆಗೆ ಗೊತ್ತು, ಆದ್ದರಿಂದ ಅಲ್ಲಿ ಬಿ ಇದ್ದರೂ ಎಂಟು ಎಂದೇ ಓದಿದರು. ಸೀಟಿನ ಜಾಗದಲ್ಲಿ ಅಕ್ಷರ ಇರಬಹುದು, ಆದ್ದರಿಂದ ಅಲ್ಲಿ ಅದೇ ಬಿಯನ್ನು ಬಿ ಎಂದೇ ಓದಿದರು. ಹೊರಗಿನವನು ಯಾರಾದರೂ ತಡವರಿಸಿ ಓದಿದ್ದರೆ ಅವತ್ತೇ ಸಿಕ್ಕಿಬೀಳುತ್ತಿತ್ತೋ ಏನೋ. ನಮಗೆ ಅಷ್ಟು ಚೆನ್ನಾಗಿ ಓದಲು ಬರುತ್ತಿತ್ತು, ಅದೇ ಕೇಡಾಯಿತು.

ಕೋವಲ್ ಬಿಟ್ಟುಕೊಡುವವನಲ್ಲ. "ತಡೀರಿ, ತಡೀರಿ. ಒಂದು ಕಡೆ ಇದ್ರೆ ಸಾಲದು. ಕಾರಿನ ನಂಬರು ಎರಡು ಕಡೆ ಇರುತ್ತೆ. ಇಲ್ಲಿ ಒಂದು, ಮುಂದಿನ ಗಾಜಿನ ಕೆಳಗೆ ಒಂದು. ಅದನ್ನ ಬಡಿಯೋ ಯಂತ್ರ ಬೇರೆ, ಜಾಗ ಬೇರೆ. ಓಥಾ, ಗಾಜಿನ ಹತ್ರ ಹೋಗಿ ಓದು. ನಾನು ಇಲ್ಲಿಂದ ಓದ್ತೀನಿ. ಇದ್ದದ್ದು ಇದ್ದ ಹಾಗೆ ಓದು, ಊಹೆ ಮಾಡ್ಬೇಡ."

"ನಾನು ಓದಿದ್ರೆ ನಂಬ್ತೀಯಾ?" ಎಂದ ಓಥಾ. ಅತ್ತೆಯ ತೋಳನ್ನು ಅವನು ಬಿಟ್ಟಿರಲಿಲ್ಲ.

ಕೋವಲ್ ಕೆಮ್ಮಿದ. "ಮೋಜೆಲ್, ನೀನು ಹೋಗಿ ಓದು."

ನಾನು ಹಿಡಿದಿದ್ದ ತೋಳನ್ನು ಅರ್ಲೀನಳಿಗೆ ಒಪ್ಪಿಸಿ ಹೋಗಿ ಗಾಜಿಗೆ ಕಣ್ಣು ಹಚ್ಚಿದೆ.

"ನಾಲ್ಕು," ಎಂದೆ.

"ನಾಲ್ಕು," ಎಂದ ಕೋವಲ್ ಬಾನೆಟ್ಟಿನೊಳಗಿಂದ.

"ಎಂಟು."

"ಬಿ."

ಗುಂಪಿನಲ್ಲಿ ಯಾರೋ "ಅಯ್ಯೋ ದೇವ್ರೇ" ಎಂದರು.

"ಸೊನ್ನೆ."

"ಸೊನ್ನೆ."

"ಎರಡು."

"ಎರಡು."

"ಎಂಟು!" ನಾನು ಕೂಗಿಬಿಟ್ಟೆ.

"ಬಿ!" ಕೋವಲ್ ನನಗಿಂತ ಜೋರಾಗಿ ಕೂಗಿದ. ಅವನ ತಲೆ ಬಾನೆಟ್ಟಿಗೆ ಬಡಿಯಿತು. ತಲೆ ಉಜ್ಜಿಕೊಳ್ಳುತ್ತಾ ಹೊರಗೆ ಬಂದ. "ಎಂಟರ ಅಚ್ಚು ಒಡೆದು ಹೋಗಿರ್ಬೇಕು. ಹೊಸದು ಬರೋ ತನಕ ಎಂಟು ಬಂದಲ್ಲೆಲ್ಲ ಬಿ ಬಡಿದಿದಾನೆ ಪುಣ್ಯಾತ್ಮ. ಇನ್ನೇನ್ ಮಾಡ್ತಾನೆ? ಒಂದು ಅಚ್ಚಿಗೋಸ್ಕರ ಲೈನ್ ನಿಲ್ಲಿಸಕ್ಕಾಗುತ್ತಾ?"

ಎಲ್ಲ ತಲೆಗಳೂ ಒಟ್ಟಿಗೆ ಅಲ್ಲಾಡಿದವು. ಲೈನ್ ನಿಲ್ಲಿಸುವುದೇ? ನಮ್ಮಲ್ಲಿ ಮದುವೆ ನಿಂತಿವೆ, ಲೈನ್ ನಿಂತಿಲ್ಲ.

"ಹಾಗಾದ್ರೆ ಸೀಟು?" ಅರ್ಲೀನ ಕೇಳಿದಳು.

"ಬಿ ಒಂದು ಅಲ್ಲ. ಎಂಬತ್ತೊಂದು." ಕೋವಲ್‌ಗೆ ಪುಸ್ತಕ ತೆಗೆಯಬೇಕಾಗಲಿಲ್ಲ, ಸಂಕೇತಗಳೆಲ್ಲ ಬಾಯಿಪಾಠ. ಆದರೂ ತಪ್ಪಾಗಬಾರದೆಂದು ತುಟಿಯಲ್ಲೇ ಎರಡು ಸಲ ಹೇಳಿಕೊಂಡ. "ಎಂಬತ್ತೊಂದು ಅಂದ್ರೆ ಎರಡು ಒಂಟಿ ಸೀಟು. ನಡುವೆ ಪೆಟ್ಟಿಗೆ. ನೆಲದಿಂದ ಗೇರು."

ಆಮೇಲೆ ಅವನು ಮಾಡಿದ್ದನ್ನು ನಾನು ಮರೆಯುವುದಿಲ್ಲ. ನೆಟ್ಟಗೆ ನಿಂತ. ಎದೆ ತುಂಬ ಗಾಳಿ ಎಳೆದುಕೊಂಡ. ಲೈನಿನ ಕೊನೆಯಲ್ಲಿ ಒಂದೊಂದು ಕಾರನ್ನೂ ಹೊರಗೆ ಬಿಡುವಾಗ ಕೂಗುತ್ತಿದ್ದ ಹಾಗೆಯೇ ಕೂಗಿದ: "ಸರಿ ಇದೆ! ಬಿಡ್ರೋ!"

ಬಣ್ಣದವರು, ಇಂಜಿನಿನವರು, ಗಾಜಿನವರು ಎಲ್ಲ ಕಡೆಯಿಂದ ತಿರುಗಿ ನೋಡಿದರು. ಯಾರೋ ಹಾರ್ನ್ ಬಾರಿಸಿದರು. ಇನ್ನೊಬ್ಬರು ಬಾರಿಸಿದರು. ಆ ಇಡೀ ಕಾಂಕ್ರೀಟ್ ಬಯಲು ಹಾಲ್‌ಸ್ಟೆಡ್ ಹಾರ್ನುಗಳಿಂದ ತುಂಬಿಹೋಯಿತು.

ಓಥಾ ಅಲುಗಾಡಲಿಲ್ಲ. ಒಂದು ಕೈ ಅತ್ತೆಯ ತೋಳಿನ ಕೆಳಗೆ ಹಾಗೆಯೇ ಇತ್ತು. ಇನ್ನೊಂದು ಕೈಯಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

ಕೋವಲ್ ಅವನ ಹತ್ತಿರ ಬಂದು ಕೈ ಚಾಚಿದ. "ನಿನ್ನ ಮಾತು ನಾನು ತಗೋಬೇಕಿತ್ತು ಕಣಯ್ಯ. 'ಹುಟ್ಟಿದ ಹಾಗೆ' ಪಂಗಡಕ್ಕೆ ಹಾಕ್ತೀನಿ. ಆದ್ರೆ ಬಾಗಿಲ ಕೆಳಗೆ ಬಣ್ಣ ತಿದ್ದಿದೀಯ, ಅದಕ್ಕೆ ಅಂಕ ಕಳೀತೀನಿ. ಟೈರು ಬೇರೆ ಹಾಕಿದೀಯ, ಅದಕ್ಕೂ ಕಳೀತೀನಿ. ಬಹುಮಾನ ಬರಲ್ಲ."

"ಕಳಿ," ಎಂದ ಓಥಾ. ನಗು ಮರಳಿ ಬಂದಿತ್ತು. "ಎಷ್ಟು ಬೇಕಾದ್ರೂ ಕಳಿ."

"ಇನ್ನೂ ನಿಂತೇ ಇರ್ಬೇಕಾ ನಾನು?" ಎಂದರು ಮದರ್ ಡೋಜಿಯರ್.

ಕೂರಿಸಿದೆವು. ಟೋಪಿ ಸರಿಮಾಡಿಕೊಂಡರು. ಕೈಚೀಲ ತೊಡೆಯ ಮೇಲಿಟ್ಟುಕೊಂಡರು. ಅಳಿಯನನ್ನು ಹತ್ತಿರ ಕರೆದರು. ಅವನು ಮಂಡಿಯೂರಿ ಕೂತ. ಅವರು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಆ ತಗಡನ್ನು ತಡವಿದ ಹಾಗೆಯೇ, ಹಣೆ, ಕೆನ್ನೆ, ಗದ್ದ ತಡವಿದರು.

"ಎಷ್ಟು ದಿನದಿಂದ ಅಂತಿದಾರೆ ಈ ಜನ ನಿನ್ನ?"

"ಬಿಡಿ ಅಮ್ಮ."

"ಕೇಳಿದ್ದಕ್ಕೆ ಹೇಳು."

"ಮೂರು ವರ್ಷ."

"ನನಗೆ ಗೊತ್ತಾಗ್ಬಾರದು ಅಂತ ನುಂಗ್ಕೊಂಡಿದ್ದೆ?"

ಅವನು ಜಾರುತ್ತಿದ್ದ ಅವರ ಕೈಚೀಲವನ್ನು ಸರಿಯಾಗಿ ಇಟ್ಟ.

"ನಾನೂ ಅಂದುಬಿಟ್ಟೆ. ಎಲ್ಲರ ಎದುರಿಗೆ ಅಂದೆ." ಅವರ ದನಿ ಒಂದು ಸಲ ಸಣ್ಣಗಾಯಿತು. ಕ್ಷಮಿಸು ಎಂಬ ಮಾತು ಬಾಯಿಗೆ ಬಂತೋ ಏನೋ, ಆದರೆ ಮದರ್ ಡೋಜಿಯರ್‌ಗೆ ಆ ಮಾತಿನ ಅಭ್ಯಾಸವಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿದರು. "ಹಾಗಾದ್ರೆ ಎಲ್ಲರ ಎದುರಿಗೇ ವಾಪಸ್ ತಗೋಬೇಕು. ಏಳು. ನನ್ನ ಕುರ್ಚಿ ತಳ್ಳು."

"ಎಲ್ಲಿಗಮ್ಮ? ಮನೆಗಾ?"

"ಮನೆಗೆ ಯಾಕೆ? ಇಲ್ಲಿ ಎಷ್ಟು ಕಾರು ನಿಂತಿದಾವೆ? ಅಷ್ಟರ ಹತ್ರಾನೂ ಹೋಗ್ಬೇಕು. ಆ ಕ್ಷೌರದೋನು ಬಂದಿದಾನಾ? ಊರಿನ ಮಾತೆಲ್ಲ ಹುಟ್ಟೋದು ಅವನಂಗಡೀಲೇ. ಅವನ ಹತ್ರ ಮೊದಲು."

"ಅಮ್ಮಾ, ಬೇಡಮ್ಮ," ಎಂದ ಓಥಾ. ಕಿವಿ ತನಕ ನಾಚಿದ್ದ. "ಎಲ್ಲರಿಗೂ ಕೇಳಿಸಿದೆ. ಕೋವಲ್ ಕೂಗಿದ್ನಲ್ಲ."

"ಅವನು ಕೂಗಿದ್ದು ಕಾರಿನ ವಿಷಯ. ನಾನು ಹೇಳ್ಬೇಕಾಗಿರೋದು ನಿನ್ನ ವಿಷಯ. ತಳ್ಳು."

ಅವನು ತಳ್ಳಿದ. ನಾನು ಒಲೆ ಹಚ್ಚಲು ಹೋಗಬೇಕಿತ್ತು, ಜನ ತಟ್ಟೆ ಹಿಡಿದು ಕಾಯುತ್ತಿದ್ದರು, ಆದರೂ ನಿಂತು ನೋಡಿದೆ. ವೆಲ್ಡಿಂಗಿನ ಮೊದಲ ಸಾಲಿನಲ್ಲೇ ಕ್ಷೌರದಂಗಡಿಯ ಯಜಮಾನ ತನ್ನ ನೀಲಿ ಕಾರಿನ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದ. ಇವರು ಬರುವುದು ಕಂಡು ಎದ್ದು ಟೋಪಿ ತೆಗೆದ.

"ಕೂತ್ಕೋ, ಕೂತ್ಕೋ," ಎಂದರು ಮದರ್ ಡೋಜಿಯರ್. "ಇವನು ಯಾರು ಗೊತ್ತಾ ನಿಂಗೆ?"

"ಓಥಾ ಅಲ್ವಾ ಅಮ್ಮ?"

"ನನ್ನ ಅಳಿಯ. ಬಿಸಿರಕ್ತದ ವಯಸ್ಸು, ಕೇಳೋರು ಹೇಳೋರು ಯಾರೂ ಇಲ್ಲ, ನಾನು ಕ್ಲೀವ್‌ಲ್ಯಾಂಡಲ್ಲಿ. ಬೆಂಚ್ ಸೀಟು ಪುಕ್ಕಟೆ, ಒಂಟಿ ಸೀಟಿಗೆ ಜೇಬಿಂದ ಜಾಸ್ತಿ ಕೊಡ್ಬೇಕು. ಕೊಟ್ಟ. ನೀನಾಗಿದ್ರೆ ಕೊಡ್ತಿದ್ಯಾ?"

ಕ್ಷೌರದವನು ತನ್ನ ಕಾರಿನ ಕಡೆ ನೋಡಿದ. ಅದರ ಮುಂದಿನ ಸೀಟು ಬೆಂಚು. ಒಳಗೆ ಕೂತಿದ್ದ ಅವನ ಹೆಂಡತಿ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅವರು ಕೊಡ್ತಿರ್ಲಿಲ್ಲ ಅಮ್ಮ" ಎಂದಳು.

"ನಂಗೊತ್ತು," ಎಂದರು ಮದರ್ ಡೋಜಿಯರ್. "ನಡಿ ರೆನ್‌ಫ್ರೋ, ಮುಂದಿನ ಕಾರು. ಓಡಿಸ್ಬೇಡ. ನಿಧಾನವಾಗಿ ತಳ್ಳು, ಜನ ನಿನ್ನ ಮುಖ ನೋಡ್ಬೇಕು."